ಒಮ್ಮೆ 120 ಕಿ.ಮೀ. ಹೊಡೆದರೆ ಸಾಕಾಗಲ್ಲ

ಲಂಡನ್‌ನಿಂದ ಡೋವರ್, ಕ್ಯಾಲೆ ಮೂಲಕ ಪ್ಯಾರಿಸ್‌ಗೆ 4 ದಿನದ ಚಾರಿಟಿ ಸೈಕಲ್ ರೈಡ್, ದಿನಕ್ಕೆ ಸುಮಾರು 120 ಕಿ.ಮೀ. ನೀವು ಇಲ್ಲಿವರೆಗೆ 30 ದಾಟಿಲ್ಲ. ಹೊರಡೋ ಮುಂಚೆ ಬೆಳಗಾವಿಯಲ್ಲೇ ಒಮ್ಮೆ 120 ಮುಗಿಸಿದರೆ ಸಾಕಾ ಅಂತ ಕೇಳಿದ್ದೀರಿ.

ಸಾಲದು. ಮೊದಲ ದಿನ ಹುರುಪಿನಲ್ಲೇ ಮುಗಿಯುತ್ತದೆ. ಕಷ್ಟ ಇರೋದು ಎರಡನೇ ಬೆಳಗ್ಗೆ, ನೋಯುತ್ತಿರುವ ಕುಂಡಿಯನ್ನು ಮತ್ತೆ ಸೀಟಿನ ಮೇಲೆ ಇಡುವಾಗ. ಅದಕ್ಕೇ ಶನಿವಾರ, ಭಾನುವಾರ ಬೆನ್ನುಬೆನ್ನಿಗೆ ತುಳಿಯಿರಿ. ಮೊದಲ ಗುರಿ ಖಾನಾಪುರ. ಹೋಗಿ ಬಂದರೆ 50 ಆಗುತ್ತದೆ. ಮೂರು ವಾರ ದೂರ ಏರಿಸಿ, ನಾಲ್ಕನೇ ವಾರ ಇಳಿಸಿ. ಎರಡೂ ದಿನ 80-90 ಆರಾಮಾಗಿ ಆಗತೊಡಗಿದರೆ ಚಿಂತೆ ಬಿಡಿ.

ಲಂಡನ್-ಡೋವರ್ ನಡುವಿನ ಕೆಂಟ್ ಕಡೆ ಏರುಗಳು ಚಿಕ್ಕವು, ಆದರೆ ಕಡಿದು. ಚೋರ್ಲಾ ಘಾಟ್ ಹತ್ತಿಯೇ ತೀರಬೇಕು ಅಂತೇನಿಲ್ಲ, ಜಾಂಬೋಟಿ ರಸ್ತೆಯ ಏರಿಳಿತ ಸಾಕು. ಮಳೆ ಬಂತು ಅಂತ ನಿಲ್ಲಿಸಬೇಡಿ. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿಯೋ ಅಭ್ಯಾಸ ಅಲ್ಲೂ ಬೇಕು.

ಹಸಿವಾಗೋ ಮುಂಚೆ ತಿನ್ನಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಜೇಬಲ್ಲಿ ಶೇಂಗಾ ಚಿಕ್ಕಿ ಇರಲಿ. ಸುಮ್ನೆ ದುಬಾರಿ ಎನರ್ಜಿ ಜೆಲ್ ಕೊಳ್ಳುವ ಬದಲು ಒಳ್ಳೆಯ ಪ್ಯಾಡೆಡ್ ಶಾರ್ಟ್ಸ್ ಕೊಳ್ಳಿ. ಅದರೊಳಗೆ ಚಡ್ಡಿ ಹಾಕಬಾರದು, ಇದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ ನೋಡಿ.

ಕ್ಯಾಲೆಯಲ್ಲಿ ಹಡಗು ಇಳಿದ ಮೇಲೆ ರಸ್ತೆಯ ಬಲಬದಿ ಹಿಡಿಯಬೇಕು, ಸರ್ಕಲ್‌ಗಳಲ್ಲಿ ಹುಷಾರು. ಭಾರತದ ಪಾಸ್‌ಪೋರ್ಟ್ ಆದರೆ ಬ್ರಿಟನ್‌ಗೆ ಒಂದು, ಫ್ರಾನ್ಸ್‌ಗೆ ಷೆಂಗೆನ್, ಎರಡು ವೀಸಾ ಬೇಕು. ಆ ಕೆಲಸ ಈಗಲೇ ಶುರು ಮಾಡಿ.