ಹತ್ತು ಜನರ ಊಟವನ್ನು ಪೂರ್ತಿ ಹಿಂದಿನ ರಾತ್ರಿಯೇ ಮಾಡಿಡಬಹುದೇ?

ಹತ್ತು ಜನ, ಆರು ಬಗೆ, ಎಲ್ಲ ಹಿಂದಿನ ರಾತ್ರಿಯೇ ಮುಗಿದಿರಬೇಕು, ಮರುದಿನ ಬಿಸಿ ಮಾಡಿ ಬಡಿಸುವುದಷ್ಟೇ ಬಾಕಿ. ನೀವು ಹಾಕಿರುವ ಲೆಕ್ಕವನ್ನೇ ನಾನೂ ಹಾಕಿದ್ದೆ. ಎತ್ತರದ ಪಾತ್ರೆಯಲ್ಲಿ ಐದು ಲೀಟರಿನಷ್ಟು ಕಡಲೆಕಾಳಿನ ಗ್ರೇವಿ ಮಾಡಿ, ಮುಚ್ಚಳ ಮುಚ್ಚಿ, ಆರಲಿ ಎಂದು ಕಟ್ಟೆಯ ಮೇಲೆ ಬಿಟ್ಟು, ಮಲಗುವ ಮುಂಚೆ ಹಾಗೇ ಎತ್ತಿ ಫ್ರಿಜ್ಜಿಗಿಟ್ಟೆ. ಬೆಳಿಗ್ಗೆ ತೆಗೆದರೆ ಮೇಲೆಲ್ಲ ಸಣ್ಣ ನೊರೆ, ಹುಳಿ ವಾಸನೆ. ಸೌಟು ಆಡಿಸಿದರೆ ನಡುಭಾಗ ಇನ್ನೂ ಉಗುರುಬೆಚ್ಚಗೇ ಇತ್ತು. ಅಷ್ಟನ್ನೂ ಚೆಲ್ಲಬೇಕಾಯಿತು.

ಆ ತಪ್ಪು ಅಡುಗೆಯದಲ್ಲ, ಬಿಸಿ ಆರಿಸಿದ ರೀತಿಯದು. ಮುಂಚೆಯೇ ಮಾಡಿಡುವ ಊಟದಲ್ಲಿ ಎಲ್ಲರೂ ಬೇಯಿಸುವುದರ ಬಗ್ಗೆ ಯೋಚಿಸುತ್ತಾರೆ, ಆರಿಸುವುದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಅದಕ್ಕೇ ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ತೆಳ್ಳಗಿನ ಸೂಪಾದರೆ ಬಿಸಿ ಭಾಗ ಮೇಲೇರಿ, ತಣ್ಣಗಿನದು ಕೆಳಗಿಳಿದು, ಪಾತ್ರೆಯೊಳಗೇ ಸುತ್ತುತ್ತಾ ಆರುತ್ತದೆ. ಗಟ್ಟಿ ಗ್ರೇವಿ ಕದಲುವುದಿಲ್ಲ. ನಡುವಿನ ಬಿಸಿ ಹೊರಗೆ ಬರಬೇಕಾದರೆ ಪದರ ಪದರವಾಗಿ ದಾಟಿಕೊಂಡೇ ಬರಬೇಕು. ಹೀಗೆ ಆರುವ ಪದಾರ್ಥದ ದಪ್ಪ ಎರಡರಷ್ಟಾದರೆ ಹಿಡಿಯುವ ಹೊತ್ತು ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ, ಮೂರರಷ್ಟಾದರೆ ಒಂಬತ್ತರಷ್ಟು. 5 ಸೆಂಟಿಮೀಟರ್ ಆಳದ ಟ್ರೇಯಲ್ಲಿ ಒಂದೂವರೆ ಗಂಟೆಯಲ್ಲಿ ಆರುವ ಗ್ರೇವಿ 15 ಸೆಂಟಿಮೀಟರ್ ಆಳದ ಪಾತ್ರೆಯಲ್ಲಿ ಇಡೀ ರಾತ್ರಿ ಬೆಚ್ಚಗಿರುವುದು ಇದರಿಂದಲೇ. ಫ್ರಿಜ್ಜಿಗೆ ಇಟ್ಟ ಮಾತ್ರಕ್ಕೆ ಇದು ಬದಲಾಗುವುದಿಲ್ಲ. ಅಂಚು ತಣ್ಣಗಾಗುತ್ತದೆ, ನಡುಭಾಗ ಹಾಗೇ ಉಳಿಯುತ್ತದೆ. ಜೊತೆಗೆ ಅಷ್ಟು ದೊಡ್ಡ ಬಿಸಿ ಪಾತ್ರೆ ಪಕ್ಕದ ಹಾಲು ಮೊಸರನ್ನೂ ಬೆಚ್ಚಗೆ ಮಾಡುತ್ತದೆ.

ಬ್ಯಾಕ್ಟೀರಿಯಾ ಬೆಳೆಯುವುದು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಕುದಿಸಿದ್ದೇನೆ, ಎಲ್ಲ ಸತ್ತಿರುತ್ತವೆ ಎಂದುಕೊಳ್ಳಬೇಡಿ. ಕೆಲವು ಬ್ಯಾಕ್ಟೀರಿಯಾಗಳ ಬೀಜಕಣಗಳು ಕುದಿಯುವ ನೀರನ್ನೂ ತಾಳಿಕೊಂಡು, ಬೆಚ್ಚಗಾದ ಕೂಡಲೇ ಮೊಳೆಯುತ್ತವೆ. ದೊಡ್ಡ ಪಾತ್ರೆಯ ಮಾಂಸ, ಕಾಳು, ಗ್ರೇವಿಗಳಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್‌ಗೆ 45 ಡಿಗ್ರಿಯ ಆಸುಪಾಸು ಸಿಕ್ಕರೆ ಸುಮಾರು 10 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ನನ್ನ ಪಾತ್ರೆಯಲ್ಲಿ ಹುಳಿ ವಾಸನೆಯಾದರೂ ಬಂತು. ಎಷ್ಟೋ ಸಲ ವಾಸನೆ, ರುಚಿ ಎರಡೂ ಸರಿಯಿದ್ದೇ ಅತಿಥಿಗಳ ಹೊಟ್ಟೆ ಕೆಡುತ್ತದೆ.

ವೃತ್ತಿಪರ ಅಡುಗೆಮನೆಗಳಲ್ಲಿ ಚಾಲ್ತಿಯಲ್ಲಿರುವ ಲೆಕ್ಕ ಹೀಗೆ: 60ರಿಂದ 20 ಡಿಗ್ರಿಗೆ 2 ಗಂಟೆಯೊಳಗೆ ಇಳಿಯಬೇಕು, ಅಲ್ಲಿಂದ 5 ಡಿಗ್ರಿಗೆ ಮುಂದಿನ 4 ಗಂಟೆಯೊಳಗೆ. ಮನೆಯಲ್ಲೂ ಇದನ್ನು ಸಾಧಿಸಬಹುದು. ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಐಸ್. ಗ್ರೇವಿಗೆ ಹಾಕಬೇಕಾದ ನೀರಿನಲ್ಲಿ 1 ಲೀಟರನ್ನು ತಡೆದು, ಕುಡಿಯುವ ನೀರಿನಲ್ಲೇ ಐಸ್ ಮಾಡಿಟ್ಟುಕೊಳ್ಳಿ. ಅಡುಗೆ ಗಟ್ಟಿಯಾಗಿಯೇ ಮುಗಿಯಲಿ. ಒಲೆ ಆರಿಸಿದ ಮೇಲೆ 4 ಲೀಟರ್ ಗ್ರೇವಿಗೆ ಆ 1 ಕಿಲೋ ಐಸ್ ಹಾಕಿ ತಿರುವಿದರೆ 90 ಡಿಗ್ರಿಯಲ್ಲಿದ್ದದ್ದು ಕೆಲವೇ ನಿಮಿಷದಲ್ಲಿ 55ರ ಹತ್ತಿರ ಬರುತ್ತದೆ. ಹದವೂ ಸರಿಹೋಗುತ್ತದೆ. ಆಮೇಲೆ ಅಗಲವಾದ ಎರಡು ಮೂರು ಟ್ರೇಗಳಿಗೆ 5 ಸೆಂಟಿಮೀಟರ್ ಮೀರದಂತೆ ಹರವಿ, ಟ್ರೇಗಳನ್ನು ಐಸ್ ನೀರು ತುಂಬಿದ ಸಿಂಕಿನಲ್ಲಿ ಕೂರಿಸಿ, ಐದು ನಿಮಿಷಕ್ಕೊಮ್ಮೆ ಕೈಯಾಡಿಸಿ. ಮುಟ್ಟಿದರೆ ತಣ್ಣಗನ್ನಿಸಿದ ಮೇಲೆ ಫ್ರಿಜ್ಜಿಗೆ. ಒಂದರ ಮೇಲೊಂದು ಪೇರಿಸಬೇಡಿ, ನಡುವೆ ಗಾಳಿ ಆಡಬೇಕು. ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ಓರೆಯಾಗಿರಲಿ, ಇಲ್ಲದಿದ್ದರೆ ಹಬೆ ನೀರಾಗಿ ಒಳಗೇ ತೊಟ್ಟಿಕ್ಕುತ್ತದೆ. ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ ಎಂದು ಒತ್ತಾಯ ಮಾಡಿಯೇ ಹೇಳುತ್ತೇನೆ. ನಡುಭಾಗಕ್ಕೆ ಚುಚ್ಚಬೇಕು, ಅಂಚಿಗಲ್ಲ.

ಇದೆಲ್ಲಕ್ಕೆ ಎಚ್ಚರವಾಗಿರುವ ನಾಲ್ಕೈದು ಗಂಟೆ ಬೇಕು. ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿರುವ "ಹಿಂದಿನ ರಾತ್ರಿ" ಎಂಬುದನ್ನೇ ನಾನು ಒಪ್ಪುವುದಿಲ್ಲ. ಹಿಂದಿನ ದಿನ ಸಂಜೆ ಐದರೊಳಗೆ ಒಲೆ ಆರಬೇಕು. ರಾತ್ರಿ ಹತ್ತಕ್ಕೆ ಮುಗಿಯುವ ಅಡುಗೆಯ ಬಿಸಿ ಆರಿಸುತ್ತಾ ಕೂರುವವರು ಯಾರು?

"ಆರು ಬಗೆ" ಎಂಬುದನ್ನೂ ಒಪ್ಪುವುದಿಲ್ಲ. ಆರೂ ಬಿಸಿ ಪದಾರ್ಥಗಳಾದರೆ ಮರುದಿನ ಆರು ಪಾತ್ರೆ ಬಿಸಿಯಾಗಬೇಕು, ಇರುವುದು ಮೂರೋ ನಾಲ್ಕೋ ಒಲೆ. ಫ್ರಿಜ್ಜಿನಿಂದ ತೆಗೆದ 5 ಲೀಟರ್ ಗ್ರೇವಿ 5 ಡಿಗ್ರಿಯಿಂದ 90ಕ್ಕೆ ಬರಲು, ಮನೆಯ ಸಾಮಾನ್ಯ ಉರಿಯಲ್ಲಿ ಅರ್ಧ ಗಂಟೆಯಾದರೂ ಬೇಕು. ಗಟ್ಟಿಯಾಗಿರುವುದರಿಂದ ಉರಿ ಜೋರು ಮಾಡಿದರೆ ತಳ ಹಿಡಿಯುತ್ತದೆ, ಮೇಲ್ಭಾಗ ಇನ್ನೂ ತಣ್ಣಗಿರುತ್ತದೆ. ಹತ್ತು ಜನರಿಗೆ ನಾಲ್ಕು ಬಗೆ ಸಾಕು: ಬಿಸಿ ಮಾಡುವ ಒಂದು ಪದಾರ್ಥ, ಹೊಸದಾಗಿ ಮಾಡುವ ಅನ್ನ, ಹಸಿಯಾದ ಗರಿಗರಿ ಸಲಾಡ್, ತಣ್ಣಗಿನ ಸಿಹಿ. ಬಗೆ ಕಡಿಮೆ ಮಾಡಿ, ಪ್ರಮಾಣ ಧಾರಾಳವಾಗಿರಲಿ.

ಮುಖ್ಯ ಪದಾರ್ಥಕ್ಕೆ ಇಂದಿಗೂ ನನ್ನ ಆಯ್ಕೆ ಅದೇ ಕಡಲೆಕಾಳು. ಮರುದಿನಕ್ಕೆ ಉಪ್ಪು, ಖಾರ, ಹುಳಿ ಕಾಳಿನ ಒಳಗೆ ಇಳಿದು ರುಚಿ ಹೆಚ್ಚುತ್ತದೆ. ಹತ್ತು ಜನರಿಗೆ ಒಣ ಕಾಳು 800 ಗ್ರಾಂ, ಬೆಂದರೆ ಸುಮಾರು 1.8 ಕಿಲೋ ಆಗುತ್ತದೆ. ಲೀಟರಿಗೆ 15 ಗ್ರಾಂ ಉಪ್ಪು ಬೆರೆಸಿದ ನೀರಿನಲ್ಲಿ 10ರಿಂದ 12 ಗಂಟೆ ನೆನೆಸಿ, ಸಿಪ್ಪೆ ಮೆತ್ತಗಾಗುತ್ತದೆ. ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಬೆರಳಿನಲ್ಲಿ ಒತ್ತಿದರೆ ಹಿಸುಕುವಷ್ಟು ಬೇಯಿಸಿಕೊಳ್ಳಿ. ಈರುಳ್ಳಿ 1 ಕಿಲೋ, ಟೊಮೆಟೊ 1 ಕಿಲೋ, ಎಣ್ಣೆ 150 ಮಿಲಿಲೀಟರ್, ಶುಂಠಿ ಬೆಳ್ಳುಳ್ಳಿ 30 ಗ್ರಾಂನಂತೆ, ಮಸಾಲೆ ನಿಮ್ಮಿಷ್ಟ. ಟೊಮೆಟೊ ಸೇರುವುದು ಕಾಳು ಪೂರ್ತಿ ಬೆಂದ ಮೇಲೆಯೇ. ಹುಳಿ ಮೊದಲೇ ಬಿದ್ದರೆ ಕಾಳು ಮೆತ್ತಗಾಗಲು ತುಂಬಾ ಹೊತ್ತು ಹಿಡಿಯುತ್ತದೆ. ಮಾಂಸದ್ದೇ ಬೇಕಿದ್ದರೆ ಕೋಳಿಯ ತೊಡೆ ಭಾಗ ತೆಗೆದುಕೊಳ್ಳಿ. ಎದೆ ಭಾಗ ಎರಡನೇ ಸಲ ಬಿಸಿ ಮಾಡಿದಾಗ ನಾರಾಗುತ್ತದೆ.

ಮರುದಿನ ಟ್ರೇ ತೆಗೆದಾಗ ಅದು ಹೆಪ್ಪುಗಟ್ಟಿದಂತೆ ಕಾಣುತ್ತದೆ, ಗಾಬರಿಯಾಗಬೇಡಿ. ಕಾಳು ಬಿಟ್ಟ ಪಿಷ್ಟ ತಣ್ಣಗಾಗಿ ಗಟ್ಟಿಯಾಗಿರುತ್ತದೆ ಅಷ್ಟೇ. ಅಗಲ ಬಾಯಿಯ ಪಾತ್ರೆಯಲ್ಲಿ ಮೊದಲು 250 ಮಿಲಿಲೀಟರ್ ನೀರು ಕುದಿಸಿ, ಅದರ ಮೇಲೆ ಗ್ರೇವಿಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ತಳ ಕೆರೆದು ತಿರುವಿ. ನಡುಭಾಗ 75 ಡಿಗ್ರಿ ದಾಟಲೇಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಅಂಚಿನಲ್ಲಷ್ಟೇ ಅಲ್ಲದೆ ನಡುವೆಯೂ ಗುಳ್ಳೆ ಏಳುವವರೆಗೆ ಕಾಯಿಸಿ. ಉಪ್ಪು ನೋಡುವುದು ಬಿಸಿಯಾದ ಮೇಲೆ. ತಣ್ಣಗಿದ್ದಾಗ ಉಪ್ಪು ಕಡಿಮೆಯೆನ್ನಿಸುತ್ತದೆ, ಆಗ ಹಾಕಿದರೆ ಹೆಚ್ಚಾಗಿಬಿಡುತ್ತದೆ. ಸೊಪ್ಪು ಮತ್ತು ನಿಂಬೆರಸ ಬಡಿಸುವ ಮುಂಚೆಯೇ ಹೊರತು ಹಿಂದಿನ ದಿನವಲ್ಲ. ಹುಳಿಯಲ್ಲಿ ನೆನೆದ ಸೊಪ್ಪು ರಾತ್ರಿ ಕಳೆಯುವುದರೊಳಗೆ ಕಂದಿ ಹೋಗುತ್ತದೆ.

ಅನ್ನ ಮಾತ್ರ ದಯವಿಟ್ಟು ಆ ದಿನವೇ ಮಾಡಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳೂ ಕುದಿತಕ್ಕೆ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತಿದ್ದರೆ ಅವು ಮೊಳೆತು, ವಾಂತಿ ತರಿಸುವ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ರಾಶಿ ಅನ್ನವನ್ನು ಮನೆಯಲ್ಲಿ ಬೇಗ ಆರಿಸುವುದು ಗ್ರೇವಿಯನ್ನು ಆರಿಸುವುದಕ್ಕಿಂತ ಕಷ್ಟ. ಹೇಗೂ ಅನ್ನಕ್ಕೆ ಕೆಲಸವೇ ಇಲ್ಲ. 800 ಗ್ರಾಂ ಅಕ್ಕಿ ತೊಳೆದು, ಅರ್ಧ ಗಂಟೆ ನೆನೆಸಿ, ಅತಿಥಿಗಳು ಊಟಕ್ಕೆ ಕೂರುವ ಒಂದು ಗಂಟೆ ಮುಂಚೆ ಒಲೆಗಿಡಿ. ಬೆಂದ ಮೇಲೆ ಮುಚ್ಚಳದ ಸಮೇತ ದಪ್ಪ ಟವೆಲ್ಲಿನಲ್ಲಿ ಸುತ್ತಿಟ್ಟರೆ ಬಡಿಸುವವರೆಗೆ ಬಿಸಿಯಾಗಿಯೇ ಇರುತ್ತದೆ.

ಸಲಾಡಿಗೆ ಎಲೆಕೋಸು 800 ಗ್ರಾಂ, ಕ್ಯಾರೆಟ್ 300 ಗ್ರಾಂ. ಹಿಂದಿನ ದಿನವೇ ಸಣ್ಣಗೆ ಹೆಚ್ಚಿ, ಡಬ್ಬದ ತಳಕ್ಕೆ ಒಣ ಬಟ್ಟೆ ಹಾಸಿ ತುಂಬಿಡಿ. 90 ಮಿಲಿಲೀಟರ್ ಎಣ್ಣೆಗೆ 30 ಮಿಲಿಲೀಟರ್ ನಿಂಬೆರಸ ಅಥವಾ ವಿನೆಗರ್, ಉಪ್ಪು, ಮೆಣಸು ಸೇರಿಸಿ ಬೇರೆ ಬಾಟಲಿಯಲ್ಲಿಡಿ. ಎರಡನ್ನೂ ಬೆರೆಸುವುದು ಊಟಕ್ಕೆ ಅರ್ಧ ಗಂಟೆ ಮುಂಚೆ, ಏಕೆಂದರೆ ಉಪ್ಪು ತರಕಾರಿಯ ನೀರೆಳೆಯುತ್ತದೆ. ಸೌತೆಕಾಯಿ, ಟೊಮೆಟೊ ಹಾಕುವುದಿದ್ದರೆ ಕೊನೇ ಹತ್ತು ನಿಮಿಷದಲ್ಲಿ.

ಸಿಹಿಗೆ ಕಸ್ಟರ್ಡ್. ಹಾಲು 1 ಲೀಟರ್, ಸಕ್ಕರೆ 100 ಗ್ರಾಂ, ಕಾರ್ನ್‌ಫ್ಲೋರ್ 60 ಗ್ರಾಂ, ಮೊಟ್ಟೆಯ ಹಳದಿ ನಾಲ್ಕು. ಹತ್ತು ಸಣ್ಣ ಬಟ್ಟಲಿಗೆ ಸರಿಯಾಗುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು, ಮೊಟ್ಟೆ ಒಡೆದು ಹೋದೀತೆಂದು ಹೆದರಿ ದಪ್ಪವಾಗುತ್ತಿದ್ದಂತೆ ಇಳಿಸಿಬಿಡುವುದು. ಹಳದಿಯಲ್ಲಿ ಪಿಷ್ಟವನ್ನು ಕತ್ತರಿಸುವ ಕಿಣ್ವವಿದೆ. ಅದು ಉಳಿದುಕೊಂಡರೆ ರಾತ್ರಿ ಗಟ್ಟಿಯಾಗಿದ್ದ ಕಸ್ಟರ್ಡ್ ಬೆಳಿಗ್ಗೆ ನೀರಾಗಿರುತ್ತದೆ. ಗುಳ್ಳೆ ಎದ್ದ ಮೇಲೂ ಒಂದು ನಿಮಿಷ ಕೈ ಬಿಡದೆ ತಿರುವಿ, ಪಿಷ್ಟ ಜೊತೆಗಿರುವುದರಿಂದ ಮೊಟ್ಟೆ ಒಡೆಯುವುದಿಲ್ಲ. ಬಟ್ಟಲಿಗೆ ಹಾಕಿ, ಪ್ಲಾಸ್ಟಿಕ್ ಹಾಳೆಯನ್ನು ಕಸ್ಟರ್ಡಿಗೆ ತಾಗುವಂತೆ ಮುಚ್ಚಿದರೆ ಕೆನೆ ಕಟ್ಟುವುದಿಲ್ಲ, ಈರುಳ್ಳಿ ವಾಸನೆಯೂ ಹಿಡಿಯುವುದಿಲ್ಲ. ಹಣ್ಣು ಬಡಿಸುವಾಗ. ಫ್ರೀಜರಿನಲ್ಲಿ ಇಡಬೇಡಿ, ಕರಗಿದಾಗ ನೀರು ಬಿಡುತ್ತದೆ.

ಕರಿದದ್ದು ಯಾವುದೂ ಬೇಡ. ಎಷ್ಟೇ ಜಾಣತನ ಮಾಡಿದರೂ ಮರುದಿನಕ್ಕೆ ಮೆತ್ತಗಾಗುತ್ತದೆ.

ಎರಡು ದಿನ ಮುಂಚೆ ಮಾಡಬೇಕಾದ ಮೊದಲ ಕೆಲಸ ಫ್ರಿಜ್ ಖಾಲಿ ಮಾಡುವುದು. ಟ್ರೇಗಳನ್ನು ಖಾಲಿಯಾಗಿಯೇ ಒಳಗಿಟ್ಟು, ಹಿಡಿಯುತ್ತವೆಯೇ ಎಂದು ನೋಡಿ. ಐಸ್ ಆಗಲೇ ಕಟ್ಟಲು ಇಡಿ, ಕಾಳು ಆ ರಾತ್ರಿ ನೆನೆಯಲಿ. ಹಿಂದಿನ ದಿನ ಬೆಳಿಗ್ಗೆ ಕಸ್ಟರ್ಡ್, ಮಧ್ಯಾಹ್ನ ಗ್ರೇವಿ, ಅದು ಆರುವ ಹೊತ್ತಿಗೆ ತರಕಾರಿ ಹೆಚ್ಚುವುದು. ಊಟ ರಾತ್ರಿ ಎಂಟೂವರೆಗೆ ಎಂದರೆ ಏಳೂವರೆಗೆ ಅನ್ನ, ಏಳೂಮುಕ್ಕಾಲಿಗೆ ಗ್ರೇವಿ, ಎಂಟಕ್ಕೆ ಸಲಾಡ್. ಆ ದಿನ ನಿಮ್ಮ ಕೈಗೆ ಬರುವ ಕೆಲಸ ಹೆಚ್ಚೆಂದರೆ ಒಂದು ಗಂಟೆಯದು.

ಊಟ ಮುಗಿದ ಮೇಲೆ ಉಳಿದದ್ದನ್ನು ಮತ್ತೆ ಎತ್ತರದ ಪಾತ್ರೆಗೆ ಸುರಿಯಬೇಡಿ. ಒಲೆಯಿಂದ ಇಳಿಸಿ ಎರಡು ಗಂಟೆ ದಾಟಿದ್ದರೆ ಚೆಲ್ಲಿ, ಇಲ್ಲದಿದ್ದರೆ ಅದೇ ಟ್ರೇಗಳನ್ನು ತೊಳೆದು, ತೆಳ್ಳಗೆ ಹರವಿ ಫ್ರಿಜ್ಜಿಗಿಡಿ.