ಹರಕೆಯ ಹಣ, ಅಮ್ಮನ ಮೊಣಕಾಲು

ಪ್ರಶ್ನೆ: ನನಗೆ 32 ವರ್ಷ. ಧಾರವಾಡ ಜಿಲ್ಲೆಯ ಅನುದಾನಿತ ಶಾಲೆಯೊಂದರಲ್ಲಿ ಶಿಕ್ಷಕ. ಕೆಲಸ ಕಾಯಂ ಆದರೆ ನಮ್ಮ ಕ್ರೈಸ್ತ ಸಭೆಯ ದೇವಾಲಯದ ಹೊಸ ಕಟ್ಟಡಕ್ಕೆ ಒಂದು ಲಕ್ಷ ರೂಪಾಯಿ ಕೊಡುತ್ತೇನೆಂದು ಹರಕೆ ಹೊತ್ತಿದ್ದೆ. ಕಾಯಂ ಆಯಿತು, ಸುಗ್ಗಿ ಹಬ್ಬದ ಆರಾಧನೆಯಲ್ಲಿ ಎಲ್ಲರೆದುರು ಹೇಳಿಯೂ ಆಯಿತು. ಈಗ ವಿಧವೆ ತಾಯಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಲೇಬೇಕು, ಎರಡು ಲಕ್ಷ ಬೇಕಾಗುತ್ತದೆ ಎಂದಿದ್ದಾರೆ ವೈದ್ಯರು. ನನ್ನಲ್ಲಿರುವುದು ಎರಡೂವರೆ ಲಕ್ಷ. ಒಂದು ಲಕ್ಷ ಹರಕೆಯದು, ಉಳಿದದ್ದು ಕಾರಿನ ಮುಂಗಡಕ್ಕೆ ಇಟ್ಟದ್ದು. ಸಭೆಯ ಹಿರಿಯರೊಬ್ಬರು, ತಂದೆತಾಯಿಗಳಿಗಿಂತ ದೇವರೇ ಮೊದಲು ಎಂದು ಬೈಬಲಿನ ಮತ್ತಾಯನ ಸುವಾರ್ತೆ ತೆರೆದು ತೋರಿಸಿದರು. ಅಮ್ಮನೂ ‘ದೇವರ ದುಡ್ಡು ಮುಟ್ಟಬೇಡ, ನನ್ನ ಕಾಲು ಹೇಗೋ ನಡೆಯುತ್ತದೆ’ ಎನ್ನುತ್ತಾರೆ. ಆದರೆ ಅವರು ಗೋಡೆ ಹಿಡಿದುಕೊಂಡೇ ಬಚ್ಚಲಿಗೆ ಹೋಗುತ್ತಾರೆ. ಮಾತು ತಪ್ಪಿದರೆ ಸಭೆಯಲ್ಲಿ ತಲೆ ಎತ್ತುವುದು ಹೇಗೆ? ದೇವರನ್ನು ಮೊದಲಿಡಲೋ, ತಾಯಿಯನ್ನೋ?

ಉತ್ತರ: ಸಹೋದರರೇ, ಮೊದಲು ಹಿರಿಯರು ತೋರಿಸಿದ ವಚನವನ್ನೇ ನೋಡೋಣ. ಮತ್ತಾಯ 10ನೇ ಅಧ್ಯಾಯದ ಆ ಮಾತನ್ನು ಯೇಸು ಹೇಳಿದ್ದು ಹನ್ನೆರಡು ಮಂದಿ ಶಿಷ್ಯರನ್ನು ಸಾರುವುದಕ್ಕೆ ಕಳುಹಿಸುವಾಗ. ತನ್ನನ್ನು ಹಿಂಬಾಲಿಸಿದ್ದಕ್ಕೆ ಮನೆಯವರೇ ತಿರುಗಿಬಿದ್ದರೂ ಹಿಂಜರಿಯಬೇಡಿ ಎಂಬುದು ಅಲ್ಲಿನ ಸಂದರ್ಭ. ನಿಮ್ಮ ತಾಯಿ ನಿಮ್ಮ ವಿಶ್ವಾಸಕ್ಕೆ ಅಡ್ಡ ಬಂದಿಲ್ಲ. ನಿಮಗಿಂತ ಹೆಚ್ಚು ಜೋಪಾನವಾಗಿ ನಿಮ್ಮ ಹರಕೆಯನ್ನು ಕಾಯುತ್ತಿದ್ದಾರೆ. ಅವರ ಮೇಲೆ ಆ ವಚನವನ್ನು ಹೊರಿಸುವುದು ಅನ್ಯಾಯ.

ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವ ಮಾತು ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿದೆ. ‘ನಿಮಗೆ ಕೊಡಬೇಕಾಗಿದ್ದುದನ್ನು ದೇವರಿಗೆ ಮೀಸಲಿಟ್ಟಿದ್ದೇನೆ’ ಎಂದು ಹೇಳಿ ತಂದೆತಾಯಿಗಳ ಹೊಣೆಯಿಂದ ಕೈತೊಳೆದುಕೊಳ್ಳುವ ರೂಢಿ ಅಂದು ಇತ್ತು. ಹಾಗೆ ಮೀಸಲಿಟ್ಟದ್ದನ್ನು ಕೊರ್ಬಾನ್ ಎನ್ನುತ್ತಿದ್ದರು. ಇಂಥ ಸಂಪ್ರದಾಯದಿಂದ ದೇವರ ವಾಕ್ಯವನ್ನೇ ನಿರರ್ಥಕ ಮಾಡುತ್ತಿದ್ದೀರಿ ಎಂದು ಯೇಸು ಕಟುವಾಗಿ ಖಂಡಿಸಿದರು. ಶಿಲುಬೆಯ ಮೇಲೂ ನೋಡಿ. ತಂದೆಯ ಚಿತ್ತಕ್ಕೆ ಪ್ರಾಣವನ್ನೇ ಒಪ್ಪಿಸುತ್ತಿದ್ದ ಆ ಗಳಿಗೆಯಲ್ಲಿ ತಾಯಿ ಮರಿಯಳನ್ನು ಪ್ರಿಯ ಶಿಷ್ಯನ ವಶಕ್ಕೆ ಒಪ್ಪಿಸಿದರು. ಅಂದಿನಿಂದ ಆ ಶಿಷ್ಯನು ಆಕೆಯನ್ನು ತನ್ನ ಮನೆಯಲ್ಲಿ ಸೇರಿಸಿಕೊಂಡನು ಎಂದು ಯೋಹಾನನು ಬರೆದಿದ್ದಾನೆ.

ನೀವು ತಕ್ಕಡಿಯ ಒಂದು ತಟ್ಟೆಯಲ್ಲಿ ದೇವರನ್ನೂ ಇನ್ನೊಂದರಲ್ಲಿ ತಾಯಿಯನ್ನೂ ಕೂರಿಸಿ ನನ್ನನ್ನು ಕೇಳಿದ್ದೀರಿ. ಕಾರಿನ ಒಂದೂವರೆ ಲಕ್ಷ ಮಾತ್ರ ಯಾವ ತಟ್ಟೆಗೂ ಬಂದಿಲ್ಲ. ‘ಇಟ್ಟದ್ದು’ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಕಾರು ಬೇಕೆನ್ನುವುದು ಪಾಪವಲ್ಲ, ದುಡಿದ ದುಡ್ಡು ನಿಮ್ಮದೇ. ಆದರೆ ದೇವರ ಪಾಲು ಕರಗಬಹುದು, ತಾಯಿಯ ಕಾಲು ಕಾಯಬಹುದು, ನನ್ನದು ಮಾತ್ರ ಅಲುಗಾಡಬಾರದು ಎಂಬ ಲೆಕ್ಕ ನಿಮಗೇ ತಿಳಿಯದೆ ಒಳಗೆ ಕುಳಿತಿದೆ. ತನ್ನನ್ನು ನಿರಾಕರಿಸಿ ಶಿಲುಬೆ ಹೊತ್ತು ಬರಲಿ ಎಂಬ ಯೇಸುವಿನ ಕರೆ ನಿಮ್ಮ ಬಾಳಿನಲ್ಲಿ ಈ ತಿಂಗಳು ಬಂದು ನಿಂತಿರುವುದು ಆ ಹಣದ ಮುಂದೆ.

ಸಭೆಯಲ್ಲಿ ತಲೆ ಎತ್ತುವುದು ಹೇಗೆ ಎಂದಿರಲ್ಲ, ಅದೂ ನಿಮ್ಮ ಹೆಸರಿನ ಚಿಂತೆಯೇ. ಕಷ್ಟದ್ದು, ಬಲ್ಲೆ. ಸಣ್ಣ ಊರಿನ ಸಭೆಯಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆ. ಆದರೂ ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದ ದೇವರಿಗೆ ನಾವು ಕೊಡುವಾಗ, ಜನ ಏನೆಂದಾರು ಎಂಬುದು ನಿರ್ಧಾರ ಮಾಡಬಾರದು.

ಹಾಗೆಂದು ಹರಕೆಯನ್ನು ಮರೆತುಬಿಡಿ ಎನ್ನಲಾರೆ. ಹರಕೆ ಹೊತ್ತರೆ ತೀರಿಸಲು ತಡಮಾಡಬೇಡ ಎನ್ನುತ್ತದೆ ಬೈಬಲಿನ ಧರ್ಮೋಪದೇಶಕಾಂಡ. ಅದೇ ಮೋಶೆಯ ಧರ್ಮಶಾಸ್ತ್ರದಲ್ಲಿ, ಯಾಜಕಕಾಂಡದ ಕೊನೆಯ ಅಧ್ಯಾಯದಲ್ಲಿ, ಹರಕೆ ಹೊತ್ತವನು ಗೊತ್ತುಮಾಡಿದ ಮೊತ್ತ ಕೊಡಲಾರದಷ್ಟು ಬಡವನಾಗಿದ್ದರೆ ಯಾಜಕನು ಅವನ ಶಕ್ತಿಗೆ ತಕ್ಕಂತೆ ನಿರ್ಣಯಿಸಲಿ ಎಂಬ ಏರ್ಪಾಡೂ ಇದೆ. ನೀವು ಅಷ್ಟು ಬಡವರಲ್ಲ. ಆದರೆ ಕೊಡುವವನ ಸ್ಥಿತಿಯನ್ನು ದೇವರು ನೋಡುತ್ತಾನೆ ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾಗಿ ಹೀಗೆ ಮಾಡಿ. ಕಾರಿನ ಒಂದೂವರೆ ಲಕ್ಷವನ್ನು ಪೂರ್ತಿ ಶಸ್ತ್ರಚಿಕಿತ್ಸೆಗೆ ಹಾಕಿ. ಕೊರತೆ ಬೀಳುವ ಐವತ್ತು ಸಾವಿರಕ್ಕೆ ಸರ್ಕಾರಿ ಯೋಜನೆಯ ನೆರವು ಸಿಗುತ್ತದೆಯೇ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ಸಿಗದಿದ್ದರೆ ಹರಕೆಯ ಹಣದಿಂದ ತೆಗೆಯಿರಿ. ಉಳಿದ ಐವತ್ತು ಸಾವಿರವನ್ನು ಈಗಲೇ ಸಭೆಗೆ ಒಪ್ಪಿಸಿ, ಬಾಕಿಯನ್ನು ಸಂಬಳದಿಂದ ತಿಂಗಳು ತಿಂಗಳು ಕಟ್ಟುತ್ತೇನೆಂದು ಸಭಾಪಾಲಕರ ಬಳಿ ಹೋಗಿ ಹೇಳಿ. ಹಿರಿಯರ ಮೂಲಕ ಹೇಳಿಕಳುಹಿಸಬೇಡಿ, ನೀವೇ ಹೋಗಿ.

ಅಮ್ಮ ಒಪ್ಪುವುದಿಲ್ಲ, ಅದು ನನಗೂ ಗೊತ್ತು. ವಾದ ಮಾಡಬೇಡಿ. ರಾತ್ರಿ ಮನೆಯ ಪ್ರಾರ್ಥನೆಯಲ್ಲಿ ಮಾರ್ಕ 7ನೇ ಅಧ್ಯಾಯವನ್ನು ಅವರ ಕೈಗೇ ಕೊಟ್ಟು ಓದಿಸಿ, ಆಮೇಲೆ ಕಾರಿನ ವಿಷಯ ಹೇಳಿ. ದಸರಾ ರಜೆ ಇರುವುದರಿಂದ ಆಸ್ಪತ್ರೆಯಲ್ಲಿ ಅವರ ಜೊತೆಗಿರಲು ನಿಮಗೂ ಬಿಡುವಾಗುತ್ತದೆ. ದಿನಾಂಕವನ್ನು ಈ ವಾರವೇ ಗೊತ್ತುಮಾಡಿ.