“ಯಾರರ ಬೈದಿದ್ರೂ ಚೊಲೊ ಇತ್ರಿ”

ಒಂದು ಕಾಲಕ್ಕೆ ಹೆಸರು ಮಾಡಿ, ಈಗ ಯಾರೂ ಕೇಳದಂತಾದ ಹಾಡುಗಾರ ಹುಡುಗರನ್ನು ಮನೆಯವರು ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆತರುವುದು ಹೆಚ್ಚಾಗಿದೆ. ಅಂಥ ಒಂದು ಪ್ರಕರಣವಿದು. ಗುರುತಿನ ವಿವರ ಬದಲಿಸಿದೆ.

ರಾಯಚೂರು ಜಿಲ್ಲೆ, ಹತ್ತಿ ಬೆಳೆಯುವ ಮನೆ. ರ‍್ಯಾಪ್‌ನಲ್ಲಿ ಮತ್ತೆ ಏಳಬೇಕೆಂದು ಹೆಂಡತಿಯ ಬಂಗಾರ ಅಡವಿಟ್ಟು, ಮೇಲೆ ಕೈಸಾಲ ಮಾಡಿ ಒಂಬತ್ತು ಹಾಡಿನ ಆಲ್ಬಂ ತಂದಿದ್ದ. ಏಳಲಿಲ್ಲ. “ಮೇಡಂ, ಹಾಡು ಬಿಡು ಅಂತ ನೀವರ ಹೇಳ್ರಿ” ಎಂದರು ಅಣ್ಣ.

ಮೂರನೇ ಭೇಟಿಯಲ್ಲಿ “ಒಂದು ಹಾಡು ಕೇಳಿಸ್ರಿ” ಎಂದೆ. ಫೋನಿನಲ್ಲಿ ಹಚ್ಚಿದ. ಕಣ್ಣು ಸೆಕೆಂಡುಗಳ ಮೇಲೇ ಇತ್ತು. 31 ಬಂದದ್ದೇ ಹೆಬ್ಬೆರಳು ಒತ್ತಿ ನಿಲ್ಲಿಸಿದ. “ಇಷ್ಟ ಸಾಕ್ರಿ. 30 ದಾಟಿದ್ರ ಒಂದು ಪ್ಲೇ ಅಂತ ಲೆಕ್ಕ.” ಹಾಡು ಕೇಳುವ ಆ್ಯಪ್ ಸ್ಪಾಟಿಫೈ ಲೆಕ್ಕ ಹಿಡಿಯುವುದು ಹಾಗೆಯೇ. ಆದರೆ ತಾನೇ ಬರೆದ ಎರಡನೇ ಚರಣ ತನಗೂ ಬೇಡವಾಗಿತ್ತು. ಸ್ವಲ್ಪ ಹೊತ್ತು ಬಿಟ್ಟು, “ಯಾರರ ಬೈದಿದ್ರೂ ಚೊಲೊ ಇತ್ರಿ ಮೇಡಂ. ಬೈಲೂ ಇಲ್ಲ” ಎಂದ.

ಇಂಥ ಮಾತು ಕಿವಿಗೆ ಬಿದ್ದಾಗ ಸುತ್ತಿಬಳಸಬಾರದು. “ಸಾಯೋ ವಿಚಾರ ಬರ್ತದೇನ್ರಿ?” ಎಂದು ನೇರ ಕೇಳಿದೆ. ಕೇಳಿದರೆ ಇಲ್ಲದ ವಿಚಾರ ಹುಟ್ಟುತ್ತದೆ ಎಂಬುದು ತಪ್ಪು ನಂಬಿಕೆ. ಬರ್ತದ ಎಂದ. ಹತ್ತಿಗೆ ಹೊಡೆಯುವ ಔಷಧದ ಡಬ್ಬಿಗಳನ್ನು ಅಂದೇ ಮನೆಯಿಂದ ಹೊರಗೆ ಸಾಗಿಸಿ ಬೀಗ ಹಾಕಿ, ಕೀಲಿಯನ್ನು ಅಣ್ಣನೇ ಇಟ್ಟುಕೊಳ್ಳುವಂತೆ ಹೇಳಿದೆ. ಮನೋವೈದ್ಯರಿಗೆ ಚೀಟಿ ಬರೆದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಹೆಂಡತಿಯ ಫೋನಿನಲ್ಲಿ ಉಳಿಸಿಸಿದೆ.

ಹಾಡು ಬಿಡು ಎಂದು ಮಾತ್ರ ಹೇಳಲಿಲ್ಲ. ಆರು ವಾರದ ಮಟ್ಟಿಗೆ ಹಾಡು ಬಿಡುವ ತೀರ್ಮಾನವೂ ಬೇಡ, ಹೊಸ ಆಲ್ಬಂ ಮಾತೂ ಬೇಡ ಎಂದೆ. ಅಣ್ಣನಿಗೆ ಸಿಟ್ಟು ಬಂತು. ಖಿನ್ನತೆಯಲ್ಲಿರುವವನಿಗೆ ಎಲ್ಲವೂ ಮುಗಿದಂತೆಯೇ ಕಾಣುತ್ತದೆ. ಆ ಕಣ್ಣಲ್ಲಿ ಮಾಡಿದ ತೀರ್ಮಾನವನ್ನು ಜೀವನಪೂರ್ತಿ ಹೊರಿಸುವ ಹಕ್ಕು ನನಗೂ ಇಲ್ಲ, ಅಣ್ಣನಿಗೂ ಇಲ್ಲ.

ಉಳಿದ ಕೆಲಸ ಸಣ್ಣಸಣ್ಣದು. ರಾತ್ರಿ ನಿದ್ದೆ ಬರಲಿ ಬಿಡಲಿ, ಬೆಳಿಗ್ಗೆ ಆರಕ್ಕೆ ಏಳಬೇಕು. ಪ್ಲೇ ಎಣಿಸುವ ಆ್ಯಪ್ ತೆಗೆದುಹಾಕಿ, ಭಾನುವಾರ ಸಂಜೆ ಒಮ್ಮೆ ಮಾತ್ರ ಗೆಳೆಯನ ಲ್ಯಾಪ್‌ಟಾಪಿನಲ್ಲಿ ನೋಡಬೇಕು. ಇದು ಮೊದಲ ವಾರವೇ ಕೆಟ್ಟಿತು: ರಾತ್ರಿ ಬ್ರೌಸರಿನಲ್ಲಿ ತೆರೆದು ನೋಡುತ್ತಿದ್ದ. ಹಾಗಾಗಿ ಹತ್ತು ಗಂಟೆಯ ನಂತರ ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಇಡುವುದಾಯಿತು. ಸಾಲವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆಸಿದೆ. ಕೈಸಾಲದ ಬಡ್ಡಿ ನೂರಕ್ಕೆ ತಿಂಗಳಿಗೆ 3 ರೂಪಾಯಿ, ಅದು ಕಡಿಮೆಯೆಂದೇ ತಿಳಿದಿದ್ದ. ವರ್ಷಕ್ಕೆ 36 ಆಗುತ್ತದೆ. ಆದ್ದರಿಂದ ಬ್ಯಾಂಕಿನ ಬಂಗಾರದ ಬಡ್ಡಿ ತಪ್ಪದಂತೆ ಕಟ್ಟುತ್ತ, ಕೈಸಾಲವನ್ನೇ ಮೊದಲು ತೀರಿಸಬೇಕು.

ಆರು ವಾರದ ಹೊತ್ತಿಗೆ ಖಿನ್ನತೆ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯೂ-9ರ ಅಂಕ 16ರಿಂದ 9ಕ್ಕೆ ಇಳಿದಿತ್ತು. ಹತ್ತಿ ಮಾರಿದ ದುಡ್ಡಿನಲ್ಲಿ ಕೈಸಾಲ ತೀರಿತು. ಬಂಗಾರ ಇನ್ನೂ ಬ್ಯಾಂಕಿನಲ್ಲಿದೆ, ಮಾತ್ರೆ ನಡೆದಿದೆ. ಹಾಡಿನ ವಿಚಾರವನ್ನು ಆತ ಇನ್ನೂ ಎತ್ತಿಲ್ಲ. ಅಣ್ಣ ಪ್ರತಿ ಸಲ ಎತ್ತುತ್ತಾರೆ.